ಯುಎಲ್‌ಸಿ ಕಾಯ್ದೆ 1999ರಲ್ಲೇ ರದ್ದಾಗಿದೆ. ನಮ್ಮ ಜಾಗ ಮಾತ್ರ ಇನ್ನೂ ಸರ್ಕಾರದ್ದು. ಇದು ಹೇಗೆ?

ಹೊಸಕೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ಕಾನೂನು ತಿಳಿದವರು ಸ್ವಲ್ಪ ದಾರಿ ತೋರಿಸಿ.

ಬೆಂಗಳೂರಿನ ಅಂಚಿನಲ್ಲಿ ನಮ್ಮ ತಾತನ ಹೆಸರಿನಲ್ಲಿ ಖಾಲಿ ಜಾಗ ಇತ್ತು. ಎಂಬತ್ತರ ದಶಕದಲ್ಲಿ ನಗರ ಭೂಮಿತಿ ಕಾಯ್ದೆಯಡಿ (ಅದೇ ಯುಎಲ್‌ಸಿ) ಅದರಲ್ಲಿ ಒಂದಷ್ಟು ಭಾಗ ‘ಹೆಚ್ಚುವರಿ’ ಅಂತ ಆದೇಶ ಆಯಿತು. ಯಾರೂ ಬಂದು ಬೇಲಿ ಹಾಕಲಿಲ್ಲ. ಇವತ್ತಿಗೂ ಅಲ್ಲಿ ನಮ್ಮದೇ ತೆಂಗಿನ ಮರಗಳಿವೆ. ಕಾಯ್ದೆ 1999ರಲ್ಲಿ ರದ್ದಾಯಿತು, ಇನ್ನೇನು ತೊಂದರೆ ಇಲ್ಲ ಅಂತ ಮನೆಯವರೆಲ್ಲ ಸುಮ್ಮನಿದ್ದರು. ಈಗ ಪಾಲು ಮಾಡಿಕೊಳ್ಳೋಣ ಅಂತ ದಾಖಲೆ ತೆಗೆಸಿದರೆ ಆ ಭಾಗ ಸರ್ಕಾರದ ಹೆಸರಿನಲ್ಲಿದೆ. ಕಚೇರಿಯಲ್ಲಿ ಕೇಳಿದರೆ ‘ಹಳೇ ಆದೇಶ ಇದೆ’ ಅಷ್ಟೇ ಉತ್ತರ.

ಕಾನೂನೇ ಇಲ್ಲ ಅಂದ ಮೇಲೆ ಅದರಡಿ ಆದ ಆದೇಶ ಹೇಗೆ ಉಳಿಯುತ್ತದೆ?

ಚುರುಮುರಿ ಚಂದ್ರು

ಕಾನೂನು ಸತ್ತರೂ ಫೈಲು ಸಾಯಲ್ಲ ಸ್ವಾಮಿ. ಅದಕ್ಕೆ ಅಮೃತ ಕುಡಿಸಿ ಕಪಾಟಿನಲ್ಲಿ ಇಟ್ಟಿರುತ್ತಾರೆ.

ಕೋರ್ಟ್ ಹಾಲ್ ಮೂರು

ಚಂದ್ರು ತಮಾಷೆಗೆ ಹೇಳಿದರೂ ಕಾನೂನಿನ ಉತ್ತರ ಹೆಚ್ಚೂಕಮ್ಮಿ ಅದೇ. ನಾನು ವಕೀಲೆ. ನಿಮ್ಮ ಕಾಗದ ನೋಡದೆ ನಿಮ್ಮ ಕೇಸಿನ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ಲೆಕ್ಕಾಚಾರ ಹೇಗಿದೆ ಅಂತ ಹೇಳಬಹುದು.

ಕಾಯ್ದೆ ರದ್ದು ಮಾಡುವುದಕ್ಕೂ ಇನ್ನೊಂದು ಕಾಯ್ದೆ ಬೇಕು. ಮಸೂದೆ ಮಂಡಿಸಬೇಕು, ಸದನ ಒಪ್ಪಬೇಕು, ಅಂಕಿತ ಬೀಳಬೇಕು, ಗೆಜೆಟ್‌ನಲ್ಲಿ ಬರಬೇಕು. ಅದರಲ್ಲಿ ‘ರದ್ದು ಮಾಡಲಾಗಿದೆ’ ಅನ್ನುವುದು ಒಂದೇ ಸಾಲು. ಟಿವಿಯಲ್ಲಿ ಬರುವುದು ಆ ಸಾಲು ಮಾತ್ರ. ಅದರ ಕೆಳಗೆ ಏನೇನು ಉಳಿಯುತ್ತದೆ ಅಂತ ಬರೆದಿರುತ್ತಾರೆ. ನಿಮ್ಮಂಥವರ ಹಣೆಬರಹ ಇರುವುದು ಅಲ್ಲಿ.

ರದ್ದು ಕಾಯ್ದೆಯಲ್ಲಿ ಹಾಗೆ ಬರೆಯದೇ ಹೋದರೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 6ನೇ ಸೆಕ್ಷನ್ ಬಂದು ನಿಲ್ಲುತ್ತದೆ. ರಾಜ್ಯದ ಕಾನೂನುಗಳಿಗೆ ನಮ್ಮದೇ 1899ರ ಕಾಯ್ದೆ ಇದೆ, ಮೈಸೂರು ಸಂಸ್ಥಾನದ ಕಾಲದ್ದು. ಎರಡರ ಸಾರ ಒಂದೇ. ಕಾನೂನು ಜೀವಂತ ಇದ್ದಾಗ ಆದದ್ದು ಆದಂತೆಯೇ. ಆಗ ಹುಟ್ಟಿದ ಹಕ್ಕು, ಹೊಣೆ, ದಂಡ, ಶುರುವಾದ ವಿಚಾರಣೆ ಯಾವುದೂ ರದ್ದತಿಯಿಂದ ತಾನಾಗಿ ಅಳಿಯುವುದಿಲ್ಲ.

ಈಗ ಯುಎಲ್‌ಸಿ. 1976ರ ಕಾಯ್ದೆ. ಒಬ್ಬರ ಹತ್ತಿರ ನಗರದಲ್ಲಿ ಇಂತಿಷ್ಟೇ ಖಾಲಿ ಜಾಗ ಇರಬೇಕು ಅಂತ ಮಿತಿ. ಬೆಂಗಳೂರಿಗೆ 1000 ಚದರ ಮೀಟರ್. ಅದಕ್ಕಿಂತ ಜಾಸ್ತಿ ಇದ್ದದ್ದು ಹೆಚ್ಚುವರಿ. ಸರ್ಕಾರ ಆ ಕಾಯ್ದೆಯ ಸೆಕ್ಷನ್ 10(3)ರ ಪ್ರಕಾರ ಗೆಜೆಟ್ ಅಧಿಸೂಚನೆ ಹೊರಡಿಸಿದರೆ ಆ ಜಾಗದ ಒಡೆತನ ಸರ್ಕಾರಕ್ಕೆ ಹೋಗುತ್ತಿತ್ತು. ಆಮೇಲೆ 10(5)ರ ಪ್ರಕಾರ ನೋಟಿಸ್ ಕೊಟ್ಟು, ಮೂವತ್ತು ದಿನದಲ್ಲಿ ಬಿಟ್ಟುಕೊಡಿ ಅನ್ನಬೇಕು. ಬಿಡದಿದ್ದರೆ 10(6)ರ ಪ್ರಕಾರ ಬಲವಂತವಾಗಿ ತೆಗೆದುಕೊಳ್ಳಬಹುದು.

1999ರ ರದ್ದು ಕಾಯ್ದೆ ಹೇಳುವುದು ಇಷ್ಟು: 10(3) ಆಗಿ, ಸ್ವಾಧೀನವನ್ನೂ ತೆಗೆದುಕೊಂಡಿದ್ದರೆ ಆ ಜಾಗ ಸರ್ಕಾರದ್ದೇ. ರದ್ದತಿ ಅದನ್ನು ಮುಟ್ಟುವುದಿಲ್ಲ. ಸ್ವಾಧೀನ ಆಗಿರದಿದ್ದರೆ ಜಾಗ ನಿಮಗೆ ಉಳಿಯುತ್ತದೆ, ಆದರೆ ಸರ್ಕಾರದಿಂದ ಹಣ ಪಡೆದಿದ್ದರೆ ಅದನ್ನು ವಾಪಸ್ ಕಟ್ಟಬೇಕು. ಹಾಗಾಗಿ ಪ್ರಶ್ನೆ ಒಂದೇ. ರದ್ದಾದ ದಿನ ಜಾಗ ಯಾರ ಕೈಯಲ್ಲಿತ್ತು?

ಹೊಸಕೆರೆ ಹುಡುಗ

ಮೇಡಂ, ತುಂಬಾ ಥ್ಯಾಂಕ್ಸ್. ನಮ್ಮ ಕೈಯಲ್ಲೇ ಇತ್ತು, ಈಗಲೂ ಇದೆ. ಆದರೆ ಫೈಲಿನಲ್ಲಿ ಒಂದು ಮಹಜರು ಇದೆಯಂತೆ. ಸ್ವಾಧೀನ ತೆಗೆದುಕೊಳ್ಳಲಾಗಿದೆ ಅಂತ. ತಾತನ ಸಹಿ ಇಲ್ಲ.

ಹಳೇ ಸರಪಳಿ

ಸರ್ವೇಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಯಾವ ಊರು, ಯಾವ ಕಚೇರಿ ಅಂತ ಕೇಳಬೇಡಿ. ಆ ಕಾಲದ ಮಹಜರುಗಳಲ್ಲಿ ಎರಡು ಜಾತಿ. ಒಂದು, ಸ್ಥಳಕ್ಕೆ ಹೋಗಿ ಅಳತೆ ಮಾಡಿ, ಚಕ್ಕುಬಂದಿ ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿದ್ದು. ಇನ್ನೊಂದು, ಫ್ಯಾನ್ ಕೆಳಗೆ ಕೂತು ಬರೆದದ್ದು. ಎರಡನೆಯದನ್ನು ಗುರುತು ಹಿಡಿಯುವುದು ಸುಲಭ. ಚಕ್ಕುಬಂದಿಯಲ್ಲಿ ನಾಲ್ಕೂ ದಿಕ್ಕಿಗೆ ‘ಅದೇ ಸರ್ವೆ ನಂಬರಿನ ಉಳಿಕೆ ಜಮೀನು’ ಅಂತ ಇರುತ್ತದೆ. ಪಂಚರು ಯಾರು ಅಂತ ನೋಡಿ. ಹತ್ತಾರು ಮಹಜರಿಗೆ ಅದೇ ಇಬ್ಬರು ಸಹಿ ಹಾಕಿರುತ್ತಾರೆ. ಸ್ಕೆಚ್ ಇದೆಯಾ? ಮರ, ಬಾವಿ, ಶೆಡ್ಡು ಏನಾದರೂ ನಮೂದಾಗಿದೆಯಾ? ನಿಮ್ಮ ತೆಂಗಿನ ಮರಗಳು ಆಗಲೇ ಇದ್ದವು ಅಂದರೆ ಮಹಜರಿನಲ್ಲಿ ಅವು ಇರಲೇಬೇಕು.

ಕೋರ್ಟ್ ಹಾಲ್ ಮೂರು

ಸರಪಳಿ ಸರ್ ಹೇಳಿದ್ದು ಕೋರ್ಟಿನಲ್ಲೂ ತೂಕದ ಮಾತು. 2013ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಹರಿರಾಮ್ ಕೇಸಿನಲ್ಲಿ ಇದನ್ನೇ ಹೇಳಿತು. ಕಾಗದದ ಮೇಲಿನ ಒಡೆತನ ಬೇರೆ, ನಿಜವಾದ ಸ್ವಾಧೀನ ಬೇರೆ. ಮಾಲೀಕ ತಾನಾಗಿ ಬಿಟ್ಟುಕೊಟ್ಟಿರಬೇಕು, ಇಲ್ಲವೇ ನೋಟಿಸ್ ಕೊಟ್ಟು ಕ್ರಮವಾಗಿ ತೆಗೆದುಕೊಂಡಿರಬೇಕು. ಅದಿಲ್ಲದಿದ್ದರೆ ರದ್ದತಿಯ ಲಾಭ ಮಾಲೀಕನಿಗೆ ಸಿಗುತ್ತದೆ.

ಇಲ್ಲಿಗೇ ಓದು ನಿಲ್ಲಿಸಿ ಪಟಾಕಿ ಹೊಡೆಯಬೇಡಿ. ಮರುವರ್ಷ, 2014ರಲ್ಲಿ, ಅಸ್ಸಾಮಿನ ಒಂದು ಕೇಸು ಬಂತು. ಅಲ್ಲಿ ಕೋರ್ಟ್ ಹೇಳಿದ್ದು ಬೇರೆ. 10(5) ನೋಟಿಸ್ ಕೊಡದೆ ಸ್ವಾಧೀನ ತೆಗೆದುಕೊಂಡರು ಅನ್ನುವುದು ನಿಮ್ಮ ದೂರಾದರೆ ಅದನ್ನು ಆಗಲೇ, ಹೆಚ್ಚು ತಡ ಮಾಡದೆ ಹೇಳಬೇಕಿತ್ತು. ವರ್ಷಗಟ್ಟಲೆ ಸುಮ್ಮನಿದ್ದು, ಕಾಯ್ದೆ ರದ್ದಾದ ಮೇಲೆ ಬಂದು ನೋಟಿಸಿನ ತಕರಾರು ಎತ್ತುವ ಹಾಗಿಲ್ಲ. ಎದುರು ವಕೀಲರು ನಿಮ್ಮ ಮೇಲೆ ಇದನ್ನೇ ಎಸೆಯುತ್ತಾರೆ. ‘ನೋಟಿಸ್ ಕೊಟ್ಟಿಲ್ಲ’ ಅನ್ನುವ ವಾದಕ್ಕಿಂತ ‘ಸ್ವಾಧೀನ ಆಗಲೇ ಇಲ್ಲ’ ಅನ್ನುವ ವಾದ ಗಟ್ಟಿ. ಅದಕ್ಕೆ ಸಾಕ್ಷಿ ಬೇಕು. ಕಂದಾಯ ರಸೀದಿ, ಕರೆಂಟ್ ಬಿಲ್ಲು, ಹಳೇ ಫೋಟೋ, ಏನಿದೆಯೋ ಎಲ್ಲ ಹುಡುಕಿ.

ಬಾಡಿಗೆ ಮನೆ

ನನಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು ಇದನ್ನು ಓದಿ. ನಮ್ಮ ದೊಡ್ಡಪ್ಪ ಸರ್ಕಾರದ ಕೆಲಸದಲ್ಲಿದ್ದರು. ಕಾನೂನು ಹೇಳಿದೆ ಅಂತ ಹೆಚ್ಚುವರಿ ಜಾಗವನ್ನು ತಾವೇ ಬರೆದು ಒಪ್ಪಿಸಿದರು. ಪಕ್ಕದವರು ಕೊಡಲ್ಲ ಅಂತ ತಡೆಯಾಜ್ಞೆ ತಂದು, ಮೇಲ್ಮನವಿ ಹಾಕಿ ಎಳೆದರು. 1999ರಲ್ಲಿ ಕಾಯ್ದೆ ಹೋಯಿತು. ಅವರ ಜಾಗ ಅವರಿಗೇ ಉಳಿಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟ್. ದೊಡ್ಡಪ್ಪನ ಮಕ್ಕಳು ಬಾಡಿಗೆ ಮನೆಯಲ್ಲಿದ್ದಾರೆ. ಕಾನೂನು ಪಾಲಿಸಿದವನಿಗೆ ಇದು ಬಹುಮಾನವಾ?

ಕೋರ್ಟ್ ಹಾಲ್ ಮೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ರದ್ದು ಕಾಯ್ದೆಗಳ ಬಗ್ಗೆ ನನಗಿರುವ ದೊಡ್ಡ ತಕರಾರೇ ಇದು. ರದ್ದಾದ ದಿನದ ಸ್ಥಿತಿಯನ್ನು ಹಾಗೇ ಗೆರೆ ಎಳೆದು ನಿಲ್ಲಿಸುತ್ತಾರೆ. ಆ ಗೆರೆಯ ಆಚೆ ಇರುವವರು ಹೆಚ್ಚಾಗಿ ವಿಧೇಯರು, ಈಚೆ ಉಳಿಯುವವರು ವಕೀಲರಿಗೆ ಫೀಸು ಕೊಡಬಲ್ಲವರು.

ಇದು ಯುಎಲ್‌ಸಿಗೆ ಮಾತ್ರ ಅಲ್ಲ. 2020ರಲ್ಲಿ ನಮ್ಮ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರಲ್ಲ, ಅದನ್ನೂ ನೋಡಿ. ಕೃಷಿಯಲ್ಲದ ಆದಾಯ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಇದ್ದವರು ಕೃಷಿ ಜಮೀನು ಕೊಳ್ಳಬಾರದು ಅನ್ನುವುದು 79ಎ. ಆ ಮಿತಿ 2015ಕ್ಕೆ ಮೊದಲು ಬರೀ 2 ಲಕ್ಷ ಇತ್ತು. ಇವುಗಳನ್ನು ಆ ದಿನದಿಂದ ತೆಗೆಯಲಿಲ್ಲ. 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಅಂತ ಭಾವಿಸಬೇಕು ಅಂದರು. ಎಸಿ (ಉಪವಿಭಾಗಾಧಿಕಾರಿ) ಕೋರ್ಟುಗಳಲ್ಲಿ ಬಾಕಿ ಇದ್ದ ಕೇಸುಗಳೆಲ್ಲ ಬಿದ್ದುಹೋದವು. ಶಾಸನಸಭೆ ಮನಸ್ಸು ಮಾಡಿದರೆ ಹಿಂದಕ್ಕೂ ಹೋಗಬಲ್ಲದು ಅಂತಾಯಿತು. ಯುಎಲ್‌ಸಿಯಲ್ಲಿ ಅಷ್ಟು ದೂರ ಹೋಗಲಿಲ್ಲ.

ಲಾ ಸೆಕೆಂಡ್ ಇಯರ್

ಮೇಡಂ, ಒಂದು ಡೌಟು. ಭೂಮಿ ರಾಜ್ಯಪಟ್ಟಿಯ ವಿಷಯ. ಯುಎಲ್‌ಸಿಯನ್ನು ಸಂಸತ್ತು ಹೇಗೆ ಮಾಡಿತು? ನಮ್ಮ ವಿಧಾನಸಭೆಯೇ ಯಾಕೆ ರದ್ದು ಮಾಡಲಿಲ್ಲ?

ಕೋರ್ಟ್ ಹಾಲ್ ಮೂರು

ಒಳ್ಳೇ ಪ್ರಶ್ನೆ. ಸಂವಿಧಾನದ 252ನೇ ವಿಧಿ ಓದು. ಎರಡು ಅಥವಾ ಹೆಚ್ಚು ರಾಜ್ಯಗಳು ‘ಈ ವಿಷಯದಲ್ಲಿ ನೀವೇ ಕಾನೂನು ಮಾಡಿ’ ಅಂತ ನಿರ್ಣಯ ಮಾಡಿ ಕೇಳಿದರೆ ಸಂಸತ್ತು ಮಾಡಬಹುದು. ಹಾಗೆ ಕೇಳಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಮ್ಮೆ ಕೊಟ್ಟ ಮೇಲೆ ಕೈ ಕಟ್ಟಿದಂತೆ. ಆ ಕಾಯ್ದೆಯನ್ನು ರಾಜ್ಯ ತಿದ್ದುವ ಹಾಗಿಲ್ಲ, ರದ್ದು ಮಾಡುವ ಹಾಗೂ ಇಲ್ಲ. ಸಂಸತ್ತೇ ರದ್ದು ಮಾಡಬೇಕು. ಆ ರದ್ದು ಕಾಯ್ದೆಯನ್ನು ಪ್ರತಿ ರಾಜ್ಯ ಮತ್ತೆ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು.

ಇದರಿಂದ ಒಂದು ವಿಚಿತ್ರ ಆಯಿತು. ಒಂದೇ ಕಾಯ್ದೆ ಒಂದೊಂದು ಕಡೆ ಒಂದೊಂದು ದಿನ ಹೋಯಿತು. ಹರಿಯಾಣ, ಪಂಜಾಬಿನಲ್ಲಿ 1999ರ ಆರಂಭದಲ್ಲೇ. ಕರ್ನಾಟಕದಲ್ಲಿ 1999ರ ಜುಲೈ 8. ಮಹಾರಾಷ್ಟ್ರ 2007ರ ನವೆಂಬರ್‌ವರೆಗೆ ಬಿಡಲಿಲ್ಲ. ಮುಂಬೈಯಲ್ಲಿ ಜಾಗದ ಬೆಲೆ ಎಷ್ಟು ಅಂತ ಗೊತ್ತಲ್ಲ, ಯಾಕೆ ಬಿಡಲಿಲ್ಲ ಅಂತ ಊಹಿಸಿಕೊಳ್ಳಿ. ಹೊಸಕೆರೆಯವರೇ, ನಿಮಗೆ ಲೆಕ್ಕದ ದಿನ ಜುಲೈ 8. ಮಹಜರಿನ ತಾರೀಖು ಅದಕ್ಕಿಂತ ಮುಂಚಿನದಾ ಅಂತ ಮೊದಲು ನೋಡಿ.

ದಾವಣಗೆರೆ ಬೆಣ್ಣೆ

ಹಾಗಾದರೆ ಕೇಂದ್ರದ ಮೂರು ಕೃಷಿ ಕಾಯ್ದೆಗಳ ವಿರುದ್ಧ ಕೆಲವು ರಾಜ್ಯಗಳು ವಿಧಾನಸಭೆಯಲ್ಲಿ ನಿರ್ಣಯ ಮಾಡಿದ್ದವಲ್ಲ, ಅದಕ್ಕೆ ಬೆಲೆ ಏನು? ಮತ್ತೆ 2021ರಲ್ಲಿ ಪ್ರಧಾನಿ ಟಿವಿಯಲ್ಲಿ ಹೇಳಿದ ದಿನವೇ ಅವು ಹೋದವು ಅಂತ ನಾವೆಲ್ಲ ಮಂಡಿಯಲ್ಲಿ ಸ್ವೀಟು ಹಂಚಿದ್ದೆವು.

ಕೋರ್ಟ್ ಹಾಲ್ ಮೂರು

ನಿರ್ಣಯ ರಾಜಕೀಯವಾಗಿ ಒತ್ತಡ ತರಬಹುದು. ಸಂಸತ್ತಿನ ಕಾಯ್ದೆಯ ಒಂದು ಅಕ್ಷರವೂ ಅದರಿಂದ ಅಳಿಯುವುದಿಲ್ಲ.

ಇನ್ನು ಟಿವಿ ಭಾಷಣ. ಪ್ರಧಾನಿ ಹೇಳಿದ್ದು 2021ರ ನವೆಂಬರ್ 19. ರದ್ದು ಮಸೂದೆ ಎರಡೂ ಸದನಗಳಲ್ಲಿ ಪಾಸಾಗಿದ್ದು ನವೆಂಬರ್ 29, ಅದೂ ಚರ್ಚೆ ಇಲ್ಲದೆ ಒಂದೇ ದಿನ. ರಾಷ್ಟ್ರಪತಿಗಳ ಅಂಕಿತ ಮರುದಿನ. ಅಲ್ಲಿಯವರೆಗೆ ಕಾಯ್ದೆಗಳು ಪುಸ್ತಕದಲ್ಲಿ ಇದ್ದವು. ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ನಡೆಯುತ್ತಿರಲಿಲ್ಲ ಅಷ್ಟೇ. ನಿಮ್ಮ ಸ್ವೀಟಿಗೆ ನನ್ನ ತಕರಾರಿಲ್ಲ.

ಆ ರದ್ದು ಕಾಯ್ದೆ ಪುಟ್ಟದು, ಆದರೆ ಅದರ ಒಂದು ಕುಸುರಿ ಕೆಲಸ ನನಗೆ ಇಷ್ಟ. ಮೂರರಲ್ಲಿ ಒಂದು ಅಗತ್ಯ ವಸ್ತುಗಳ ತಿದ್ದುಪಡಿ ಕಾಯ್ದೆ. ಅದು 1955ರ ಮೂಲ ಕಾಯ್ದೆಯ 3ನೇ ಸೆಕ್ಷನ್ನಿಗೆ (1ಎ) ಅನ್ನುವ ಉಪಸೆಕ್ಷನ್ ಸೇರಿಸಿತ್ತು. ತಿದ್ದುಪಡಿ ಕಾಯ್ದೆಯನ್ನು ಮಾತ್ರ ರದ್ದು ಮಾಡಿದ್ದರೆ ಆಗಲೇ ಮೂಲದೊಳಗೆ ಸೇರಿಹೋದ (1ಎ) ಹಾಗೇ ಉಳಿಯುತ್ತಿತ್ತು. ಜನರಲ್ ಕ್ಲಾಸಸ್ ಕಾಯ್ದೆಯ 6ಎ ಹೇಳುವುದು ಹಾಗೆ. ಅದಕ್ಕೇ ಮೂಲ ಕಾಯ್ದೆಯಿಂದ (1ಎ) ತೆಗೆಯಬೇಕು ಅಂತ ಬೇರೆಯಾಗಿ ಬರೆದರು. ಮಸೂದೆ ಬರೆದವರು ನಿದ್ದೆ ಮಾಡಿರಲಿಲ್ಲ.

ದಾವಣಗೆರೆ ಬೆಣ್ಣೆ

ಅಂದರೆ ನಮ್ಮ ರಾಜ್ಯದ ಎಪಿಎಂಸಿ ತಿದ್ದುಪಡಿ?

ಕೋರ್ಟ್ ಹಾಲ್ ಮೂರು

ಅದು 2020ರಲ್ಲೇ ನಮ್ಮ ಸರ್ಕಾರ ಬೇರೆಯಾಗಿ ಮಾಡಿದ್ದು. ದೆಹಲಿಯ ಕಾಯ್ದೆ ಹೋದ ಮಾತ್ರಕ್ಕೆ ಅದು ಹೋಗಲಿಲ್ಲ. ಬೇರು ಬೇರೆ ಬೇರೆ. ಅದಕ್ಕೆ ಬೆಂಗಳೂರಿನಲ್ಲೇ ಬೇರೆ ಮಸೂದೆ ಬೇಕು.

ನಿರ್ವಾಹಕ

ಇಲ್ಲಿದ್ದ ಐದಾರು ಪ್ರತಿಕ್ರಿಯೆ ತೆಗೆದಿದ್ದೇನೆ. ಯಾವ ಪಕ್ಷ ಸರಿ ಅನ್ನುವ ಜಗಳಕ್ಕೆ ಬೇರೆ ಜಾಗ ಇದೆ. ಇಲ್ಲಿ ಕಾನೂನು ರದ್ದತಿ ಮಾತ್ರ.

ಲಾ ಸೆಕೆಂಡ್ ಇಯರ್

ಇನ್ನೊಂದು. ಗೋಹತ್ಯೆ ಕಾಯ್ದೆ ತೆಗೆದುಕೊಳ್ಳಿ. 1964ರದ್ದನ್ನು ರದ್ದು ಮಾಡಿ 2020ರದ್ದು ಬಂತು. ನಾಳೆ 2020ರದ್ದನ್ನು ರದ್ದು ಮಾಡಿದರೆ 1964ರದ್ದು ತಾನಾಗಿ ಎದ್ದು ಬರುತ್ತದಾ? ಕ್ಲಾಸಿನಲ್ಲಿ ಅರ್ಧ ಜನ ಹೌದು ಅಂದರು.

ಕೋರ್ಟ್ ಹಾಲ್ ಮೂರು

ಇಲ್ಲ. ರದ್ದು ಮಾಡಿದ್ದನ್ನೇ ರದ್ದು ಮಾಡಿದರೂ ಮೊದಲಿನದು ಬರುವುದಿಲ್ಲ. ‘ಹಳೆಯದು ಮತ್ತೆ ಜಾರಿಗೆ ಬರತಕ್ಕದ್ದು’ ಅಂತ ಬಾಯಿಬಿಟ್ಟು ಬರೆಯಬೇಕು.

ಕೋರ್ಟ್ ಹೊಡೆದುಹಾಕಿದರೆ ಮಾತ್ರ ಕಥೆ ಬೇರೆ. ಆಗ ಹೊಸ ಕಾನೂನೇ ಅಸಿಂಧು. ಹಳೆಯದನ್ನು ತೆಗೆದ ಭಾಗವೂ ಅದರ ಜೊತೆಗೆ ಬಿದ್ದುಹೋಗುತ್ತದೆ, ಸಾಮಾನ್ಯವಾಗಿ ಹಳೆಯದು ಎದ್ದು ನಿಲ್ಲುತ್ತದೆ. 2015ರ ಅಕ್ಟೋಬರಿನಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದಾಗ ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಪದ್ಧತಿ ವಾಪಸ್ ಬಂದದ್ದು ಹೀಗೆ. ಪರೀಕ್ಷೆಯಲ್ಲಿ ಎರಡನ್ನೂ ಬರಿ, ಅಂಕ ಗ್ಯಾರಂಟಿ.

ಚುರುಮುರಿ ಚಂದ್ರು

ಕೋರ್ಟ್ ಹೊಡೆದುಹಾಕಿದರೂ ಪೊಲೀಸರಿಗೆ ಗೊತ್ತಾಗಬೇಕಲ್ಲ. 66ಎ ಕಥೆ ನೆನಪಿದೆಯಾ? ಫೇಸ್‌ಬುಕ್ ಪೋಸ್ಟಿಗೆ ಜೈಲು.

ಕೋರ್ಟ್ ಹಾಲ್ ಮೂರು

ಚಂದ್ರು, ಇದು ಸೀರಿಯಸ್ಸಾದ ವಿಷಯ. ಐಟಿ ಕಾಯ್ದೆಯ 66ಎ ಅಸಿಂಧು ಆದದ್ದು 2015ರ ಮಾರ್ಚ್ 24. ಅದಾದ ಎಷ್ಟೋ ವರ್ಷ ಅದರಡಿ ಎಫ್‌ಐಆರ್ ಬೀಳುತ್ತಲೇ ಇದ್ದವು. 2021ರಲ್ಲಿ ಇದು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿಗಳೇ ಬೆಚ್ಚಿದರು. 2022ರ ಅಕ್ಟೋಬರಿನಲ್ಲಿ ಯಾರ ಮೇಲೂ ಅದರಡಿ ಕೇಸು ನಡೆಸಕೂಡದು ಅಂತ ಮತ್ತೆ ಆದೇಶ ಮಾಡಬೇಕಾಯಿತು. ಕಾರಣ ಸರಳ. ಕೋರ್ಟ್ ಅಸಿಂಧು ಅಂದರೂ ಅಕ್ಷರ ಪುಸ್ತಕದಲ್ಲಿ ಉಳಿದಿರುತ್ತದೆ, ಕೆಳಗೆ ಸಣ್ಣ ಅಡಿಟಿಪ್ಪಣಿ ಇರುತ್ತದೆ. ಠಾಣೆಯಲ್ಲಿ ಅಡಿಟಿಪ್ಪಣಿ ಓದುವವರು ಯಾರು? ಸದನವೇ ತೆಗೆದರೆ ಅಕ್ಷರವೂ ಹೋಗುತ್ತದೆ.

ಕೊಳ್ಳೇಗಾಲದವನು

ಕಾನೂನು ಹೋದ ಮೇಲೂ ಜನ ಅದರಡಿ ಒದ್ದಾಡಿದ್ದನ್ನು ನಾವು ನಮ್ಮ ಕಡೆ ಕಣ್ಣಾರೆ ಕಂಡಿದ್ದೇವೆ. ವೀರಪ್ಪನ್ ಕಾಲದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸುಗಳು. ಟಾಡಾವನ್ನು ಯಾರೂ ರದ್ದು ಮಾಡಲಿಲ್ಲ. ಅದಕ್ಕೆ ಅವಧಿ ಇತ್ತು, 1987ರ ಕಾಯ್ದೆಯನ್ನು ವಿಸ್ತರಿಸುತ್ತಾ ಬಂದು 1995ರ ಮೇ ತಿಂಗಳಲ್ಲಿ ಕೈಬಿಟ್ಟರು. ಆದರೆ 1993ರ ಪಾಲಾರ್ ಸ್ಫೋಟದ ಕೇಸಿನ ತೀರ್ಪು ಮೈಸೂರಿನ ಟಾಡಾ ಕೋರ್ಟಿನಲ್ಲಿ ಬಂದದ್ದು 2001ರಲ್ಲಿ, ಕಾನೂನು ಹೋಗಿ ಆರು ವರ್ಷದ ಮೇಲೆ. ನಾಲ್ವರಿಗೆ ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಗೆ ಹೆಚ್ಚಿಸಿತು. 2014ರಲ್ಲಿ ಕ್ಷಮಾದಾನದ ಅರ್ಜಿಯ ತೀರ್ಮಾನ ತಡವಾಯಿತು ಅಂತ ಮತ್ತೆ ಜೀವಾವಧಿಗೆ ಇಳಿಸಿತು. ತಪ್ಪು ಮಾಡಿದವರ ಪರ ಮಾತಾಡುತ್ತಿಲ್ಲ. ಸತ್ತ ಪೊಲೀಸರ ಮನೆಯವರೂ ನಮ್ಮ ಸುತ್ತಮುತ್ತಲಿನವರೇ. ಆದರೆ ಅದೇ ಕಾಯ್ದೆಯಡಿ ಹಿಡಿದು ತಂದ ಎಷ್ಟೋ ಕಾಡಂಚಿನ ಜನ ವರ್ಷಗಟ್ಟಲೆ ಜೈಲಲ್ಲಿದ್ದು ಕೊನೆಗೆ ಖುಲಾಸೆ ಆಗಿ ಬಂದರು. ಅವಧಿ ಮುಗಿಯಿತು ಅಂತ ಪೇಪರಿನಲ್ಲಿ ಬಂದ ದಿನ ಅವರು ಒಳಗೇ ಇದ್ದರು.

ಕೋರ್ಟ್ ಹಾಲ್ ಮೂರು

ಇದನ್ನು ಬರೆದದ್ದಕ್ಕೆ ಧನ್ಯವಾದ ಅಣ್ಣ. ಒಂದು ವಿಷಯ ಸೇರಿಸುತ್ತೇನೆ. ಅವಧಿ ಮುಗಿದು ಹೋಗುವ ಕಾನೂನಿಗೆ ನಾನು ಮೇಲೆ ಹೇಳಿದ 6ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಬೇರೇನೂ ಬರೆಯದಿದ್ದರೆ ಬಾಕಿ ಕೇಸುಗಳೂ ಅದರ ಜೊತೆ ಹೋಗಬೇಕು. ಹಾಗಾಗಬಾರದು ಅಂತಲೇ ಟಾಡಾದ ಮೊದಲ ಸೆಕ್ಷನ್ನಿನಲ್ಲೇ ಬಾಕಿ ವಿಚಾರಣೆ, ಶಿಕ್ಷೆ ಎಲ್ಲ ಮುಂದುವರಿಯುತ್ತವೆ ಅಂತ ಬರೆದಿಟ್ಟಿದ್ದರು. ಕಾಯ್ದೆ ಹುಟ್ಟುವಾಗಲೇ ತನ್ನ ಸಾವಿನ ನಂತರದ ವ್ಯವಸ್ಥೆ ಮಾಡಿಕೊಂಡಿತ್ತು.

ಪೋಟಾ (ಇನ್ನೊಂದು ಭಯೋತ್ಪಾದನೆ ತಡೆ ಕಾಯ್ದೆ) ವಿಷಯದಲ್ಲಿ ಸ್ವಲ್ಪ ಬುದ್ಧಿ ಬಂದಿತ್ತು. 2004ರಲ್ಲಿ ಅದನ್ನು ರದ್ದು ಮಾಡಿದಾಗ ಬಾಕಿ ಕೇಸುಗಳನ್ನು ಪರಿಶೀಲನಾ ಸಮಿತಿ ಒಂದು ವರ್ಷದೊಳಗೆ ನೋಡಬೇಕು ಅಂದರು. ಆ ವರ್ಷ ದಾಟಿದ ಮೇಲೆ ಹೊಸದಾಗಿ ಯಾವ ಕೋರ್ಟೂ ಅದರಡಿ ಕೇಸು ಕೈಗೆತ್ತಿಕೊಳ್ಳಬಾರದು ಅಂದರು. ರದ್ದು ಮಾಡುವವರಿಗೆ ಮನಸ್ಸಿದ್ದರೆ ಬಾಲವನ್ನೂ ಮೊಟಕು ಮಾಡಬಹುದು ಅನ್ನುವುದಕ್ಕೆ ಉದಾಹರಣೆ.

ಪೇಪರ್ ಓದುಗ

ಕೇಂದ್ರ ಸರ್ಕಾರ ಸುಮಾರು 1500 ಹಳೇ ಕಾನೂನು ಕಿತ್ತುಹಾಕಿತು ಅಂತ ಓದಿದ್ದೆ. ಅದರಿಂದ ಎಷ್ಟು ಜನರಿಗೆ ಈ ಥರದ ತೊಂದರೆ ಆಗಿರಬಹುದು?

ಹಳೇ ಸರಪಳಿ

ಅದರ ಪಟ್ಟಿ ನಾನು ನೋಡಿದ್ದೇನೆ. ನಿವೃತ್ತರಿಗೆ ಬೇರೆ ಕೆಲಸ ಏನು? 700ಕ್ಕೂ ಹೆಚ್ಚು ಬರೀ ಧನವಿನಿಯೋಗ ಕಾಯ್ದೆಗಳು. ಅಂದರೆ ಯಾವುದೋ ವರ್ಷದ ಬಜೆಟ್ ಹಣ ಖರ್ಚು ಮಾಡಲು ಅನುಮತಿ. ಹಣ ಖರ್ಚಾಗಿ ದಶಕಗಳೇ ಆಗಿವೆ. ಇನ್ನೂ ಬಹಳಷ್ಟು ತಿದ್ದುಪಡಿ ಕಾಯ್ದೆಗಳು, ಮೇಡಂ ಹೇಳಿದ ಹಾಗೆ ಅವುಗಳ ಕೆಲಸ ಮೂಲದಲ್ಲಿ ಸೇರಿಹೋಗಿತ್ತು. ಕಿತ್ತರೆ ಯಾರಿಗೂ ನೋವಿಲ್ಲ. ನಿಜವಾಗಿ ಹಲ್ಲಿದ್ದವು ಕೆಲವೇ. ನಾಟಕಗಳನ್ನು ನಿಷೇಧಿಸಲು ಬ್ರಿಟಿಷರು ಮಾಡಿದ್ದ 1876ರ ಕಾಯ್ದೆ ಅಂಥದ್ದು. ಅದು ಸ್ವಾತಂತ್ರ್ಯ ಬಂದ ಮೇಲೂ ಇತ್ತು ಅನ್ನುವುದೇ ನಾಚಿಕೆ.

ಬಾಡಿಗೆ ಮನೆ

ಬಳಸದೇ ಇದ್ದರೆ ಕಾನೂನು ತಾನಾಗಿ ಹೋಗುವುದಿಲ್ಲವಾ?

ಕೋರ್ಟ್ ಹಾಲ್ ಮೂರು

ಸಾಮಾನ್ಯವಾಗಿ ಹೋಗುವುದಿಲ್ಲ. ಪುಣೆ ಪಾಲಿಕೆಯ ಕೇಸೊಂದರಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಿಂಡಿ ತೆರೆಯಿತು. ಬಹಳ ಕಾಲ ಬಳಸದೇ ಇದ್ದು, ಅದಕ್ಕೆ ವಿರುದ್ಧವಾದ ರೂಢಿಯೂ ಬಹಳ ಕಾಲ ನಡೆದಿದ್ದರೆ ಬಿದ್ದುಹೋಗಬಹುದು ಅಂತ. ಎರಡೂ ಬೇಕು. ಅದನ್ನು ನಂಬಿಕೊಂಡು ಯಾರೂ ಮನೆ ಕಟ್ಟಬೇಡಿ.

ಹೊಸಕೆರೆ ಹುಡುಗ

ಮಹಜರಿನ ನಕಲು ಸಿಕ್ಕಿತು. ತಾರೀಖು ಜುಲೈ 8ಕ್ಕಿಂತ ಮೊದಲಿನದೇ. ಆದರೆ ಸ್ಕೆಚ್ ಇಲ್ಲ. ಮರಗಳ ಮಾತೇ ಇಲ್ಲ. ಸರಪಳಿ ಸರ್ ಹೇಳಿದ ಹಾಗೆ ಮೂರು ದಿಕ್ಕಿಗೆ ‘ಉಳಿಕೆ ಜಮೀನು’ ಅಂತಿದೆ.

ಹಳೇ ಸರಪಳಿ

ನಾಲ್ಕನೇ ದಿಕ್ಕಿಗೆ?

ಹೊಸಕೆರೆ ಹುಡುಗ

‘ರಸ್ತೆ’. ಆಗ ಅಲ್ಲಿ ರಸ್ತೆಯೇ ಇರಲಿಲ್ಲ ಅಂತ ಅಪ್ಪ ಹೇಳುತ್ತಾರೆ.

ಹಳೇ ಸರಪಳಿ

ಆ ವರ್ಷದ ಗ್ರಾಮ ನಕ್ಷೆಯ ದೃಢೀಕೃತ ನಕಲು ತೆಗೆಸಿ. ನಕ್ಷೆಯಲ್ಲಿ ರಸ್ತೆ ಇಲ್ಲದಿದ್ದರೆ ಮಹಜರು ಬರೆದವನು ಸ್ಥಳಕ್ಕೆ ಬಂದಿರಲಿಲ್ಲ.

ಕೋರ್ಟ್ ಹಾಲ್ ಮೂರು

ಜೊತೆಗೆ 10(3) ಗೆಜೆಟ್ ಅಧಿಸೂಚನೆ, 10(5) ನೋಟಿಸ್, ಅದನ್ನು ತಾತನಿಗೆ ಮುಟ್ಟಿಸಿದ ಸ್ವೀಕೃತಿ, ಪರಿಹಾರ ಕೊಟ್ಟ ದಾಖಲೆ ಇದ್ದರೆ ಅದು, ಇಷ್ಟಕ್ಕೂ ಆರ್‌ಟಿಐ ಅರ್ಜಿ ಹಾಕಿ. ‘ಕಡತ ಲಭ್ಯವಿಲ್ಲ’ ಅಂತ ಉತ್ತರ ಬಂದರೆ ಅದನ್ನೂ ಜೋಪಾನವಾಗಿ ಇಡಿ, ಬಿಸಾಡಬೇಡಿ. ಆಮೇಲೆ ಒಳ್ಳೇ ಕಂದಾಯ ವಕೀಲರನ್ನು ಹಿಡಿದು ಹೈಕೋರ್ಟಿನಲ್ಲಿ ರಿಟ್. ಇಷ್ಟು ವರ್ಷ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಈಗಲೇ ತಯಾರು ಮಾಡಿಕೊಳ್ಳಿ. ಪಾಲು ಪಟ್ಟಿಯಲ್ಲಿ ಆ ಭಾಗವನ್ನು ಸದ್ಯಕ್ಕೆ ಯಾರ ಹೆಸರಿಗೂ ಬರೆಯಬೇಡಿ, ಜಂಟಿಯಾಗಿಯೇ ಇರಲಿ.

ಹಾಸನದಿಂದ

ತಡವಾಗಿ ಬಂದೆ, ಬೇರೆ ಪ್ರಶ್ನೆ. ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂದಿದೆಯಲ್ಲ. ನಮ್ಮ ತಮ್ಮನಿಗೆ 2023ರಲ್ಲಿ ಚೀಟಿಯವನು ಟೋಪಿ ಹಾಕಿದ. ಈಗ ದೂರು ಕೊಟ್ಟರೆ ಎಫ್‌ಐಆರ್‌ನಲ್ಲಿ 420 ಅಂತಲೇ ಬರೆದಿದ್ದಾರೆ. ರದ್ದಾದ ಸೆಕ್ಷನ್ ಹಾಕಿದ್ದರಿಂದ ಕೇಸು ಬಿದ್ದುಹೋಗುತ್ತದೆ ಅಂತ ಚೀಟಿಯವನ ಕಡೆಯವರು ಹೆದರಿಸುತ್ತಿದ್ದಾರೆ.

ಕೋರ್ಟ್ ಹಾಲ್ ಮೂರು

ಹೆದರಬೇಡಿ, ಅವರು ಬರೆದದ್ದು ಸರಿಯಾಗಿದೆ. ನ್ಯಾಯ ಸಂಹಿತೆ ಜಾರಿಯಾದದ್ದು 2024ರ ಜುಲೈ 1. ಅದಕ್ಕೆ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ. ಸಂಹಿತೆಯ ಕೊನೆಯ ಸೆಕ್ಷನ್, 358, ಇದನ್ನೇ ಹೇಳುತ್ತದೆ. ದೂರು ಜುಲೈ ನಂತರ ಕೊಟ್ಟಿದ್ದರೆ ತನಿಖೆ ಮಾತ್ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ನಡೆಯುತ್ತದೆ. ಮೋಸ 2024ರ ಜುಲೈ ನಂತರ ಆಗಿದ್ದರೆ 318(4) ಹಾಕಬೇಕಿತ್ತು. ಹಣ ಕೊಟ್ಟ ತಾರೀಖುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೆಲವು ಕಂತು ಜುಲೈ ನಂತರವೂ ಕಟ್ಟಿದ್ದರೆ ಅದನ್ನೂ ಹೇಳಿ, ಎರಡೂ ಸೆಕ್ಷನ್ ಬೇಕಾಗಬಹುದು.